ಕರೆಂಟು ಬಂತೇ

ಹದಿಮೂರನೆಯ ದಿನ ಕಣ್ಣು ತೆರೆದ ಅಪ್ಪ
ಮೊದಲು ಕೇಳಿದ್ದು ಅಮ್ಮನನ್ನಲ್ಲ, ನನ್ನನ್ನಲ್ಲ,
"ಕರೆಂಟು ಬಂತೇ?"

ಬಂದಿತ್ತು.
ಅವನು ಕಂಬದಿಂದ ಬಿದ್ದ ರಾತ್ರಿಯೇ ಬಂದಿತ್ತು.
ಜೊತೆಗಾರ ಜೋಕಿಯಾ
ಅಪ್ಪನನ್ನು ಹಿಮಗಾಡಿಗೆ ಕಟ್ಟಿ ಕಳಿಸಿ
ಅದೇ ಕಂಬ ಮತ್ತೆ ಹತ್ತಿದ್ದ,
ಅಪ್ಪನ ಕೈಗವಸು ತೊಟ್ಟು.
ಅಡುಗೆಮನೆಯ ಬಲ್ಬು ಒಮ್ಮೆಲೇ ಹೊತ್ತಿಕೊಂಡಾಗ
ಅಮ್ಮ ಎದ್ದು ಆರಿಸಿದಳು.
ಆ ಬೆಳಕಲ್ಲಿ ಕೂರಲು ಅವಳಿಗೆ ಮನಸ್ಸಾಗಲಿಲ್ಲ.

ಸ್ವಾನೇತಿಯ ನಮ್ಮೂರಿಂದ ಝುಗ್ದಿದಿಯ ಆಸ್ಪತ್ರೆಗೆ
ಒಳ್ಳೆಯ ದಿನವಾದರೆ ಐದು ತಾಸು. ಅವತ್ತು ಒಂಬತ್ತು.
ಮುಂದೆ ಹಿಮ ತೋಡುವ ಯಂತ್ರ, ಹಿಂದೆ ಹಾಲಿನ ವ್ಯಾನು,
ವ್ಯಾನಿನಲ್ಲಿ ಕ್ಯಾನುಗಳ ನಡುವೆ ಅಪ್ಪ.
ಯಂತ್ರ ಓಡಿಸಿದವನ ಹೆಸರು ಇಂದಿಗೂ ಗೊತ್ತಿಲ್ಲ.
ಕೆಂಪು ಟೋಪಿ ಇತ್ತು ಎನ್ನುತ್ತಾಳೆ ಅಮ್ಮ,
ಹಸಿರು ಎನ್ನುತ್ತಾನೆ ತಮ್ಮ ಗಿವಿ.
ಹಬ್ಬದೂಟಕ್ಕೆ ಲೋಟ ಎತ್ತಿ "ಟೋಪಿಯವನಿಗೆ" ಎನ್ನುತ್ತೇವೆ,
ಬಣ್ಣ ಹೇಳುವುದಿಲ್ಲ.

ರಕ್ತ ಬೇಕೆಂದರು.
ಅಮ್ಮನದು ಹೊಂದಲಿಲ್ಲ. ಗಿವಿಗೆ ಇನ್ನೂ ಹದಿನೈದು.
ನನ್ನಿಂದ ಒಂದು ಬಾಟಲಿ ತೆಗೆದು, ಸಾಕು, ಬೇರೆ ಯಾರಿದ್ದಾರೆ ಎಂದರು.
ಮರುದಿನ ಸಂಜೆ ಕಾರಿಡಾರಿನಲ್ಲಿ
ತೋಳು ಮಡಚಿ ನಿಂತಿದ್ದ ಮುರ್ಝಾ.
ಮುರ್ಝಾ!
ಆರು ಗಜ ಹುಲ್ಲಿನ ಪಟ್ಟಿಗಾಗಿ ಹನ್ನೊಂದು ವರ್ಷ
ನಮ್ಮ ಮನೆ ಕಡೆ ತಲೆಹಾಕಿಯೂ ಮಲಗದವನು.
ಅಜ್ಜಂದಿರ ಕಾಲಕ್ಕೆ ಇಂಥ ಪಟ್ಟಿಗಳ ಮೇಲೆ
ನೆತ್ತರು ಹರಿಯುತ್ತಿತ್ತಂತೆ.
ಇವನದೂ ಹರಿಯಿತು,
ಸಣ್ಣ ಕೊಳವೆಯಲ್ಲಿ, ಅಪ್ಪನ ಕಡೆಗೆ.
ಅಮ್ಮ ಏನೋ ಹೇಳಲು ಬಾಯಿ ತೆರೆದಳು.
"ನಿಮ್ಮ ಹಸು ನಮ್ಮ ಕೊಟ್ಟಿಗೆಯಲ್ಲಿದೆ" ಎಂದ,
ತೋಳಿನ ಹತ್ತಿ ಒತ್ತಿ ಹಿಡಿದು ಬಸ್ಸಿಗೆ ಹೊರಟುಬಿಟ್ಟ.

ಲೆಕ್ಕ ಬರೆದಿಡಲು ಅಮ್ಮ ಒಂದು ನೋಟ್‌ಬುಕ್ಕು ಕೊಂಡಳು.
ರಾತ್ರಿ ಪಾಳಿಯ ದಾದಿ ಎತೇರಿ: ತನ್ನದೇ ಉಣ್ಣೆ ಕಾಲುಚೀಲ,
ಬೂದು, ಎಡಗಾಲಿನದು ತೂತು.
ಯಾರೋ: ಕಿಟಕಿಯಲ್ಲಿ ಬಿಟ್ಟುಹೋದ ನಾಲ್ಕು ದಾಳಿಂಬೆ.
ಪಕ್ಕದ ಹಾಸಿಗೆಯ ಮುದುಕ: ಕೆಮ್ಮು ನುಂಗಿ ಕಳೆದ ಒಂದು ರಾತ್ರಿ.
ಹತ್ತನೆಯ ಪುಟದಲ್ಲಿ ಪೆನ್ನು ಮುಚ್ಚಿ
"ತೀರಿಸುತ್ತೇನೆ ಅಂದರೆ ನಕ್ಕಾರು" ಎಂದಳು.
ಉಳಿದ ಹಾಳೆಗಳಲ್ಲಿ ಗಿವಿ ಈಗ ಗಣಿತ ಮಾಡುತ್ತಾನೆ.

ಜೂನಿಗೆ ಅಪ್ಪ ಮನೆಗೆ ಬಂದ.
ಎಡಗಾಲು ಇನ್ನೂ ಅವನ ಮಾತು ಕೇಳುವುದಿಲ್ಲ.
ಚಮಚ ಬಾಯಿಯ ದಾರಿ ಮರೆತು
ಕಿವಿಯ ಕಡೆ ಹೊರಡುತ್ತದೆ.
ಸಿಟ್ಟಿಗೆದ್ದು ಬಟ್ಟಲು ತಳ್ಳುತ್ತಾನೆ, ಬೈಯುತ್ತಾನೆ,
ದೇವರನ್ನು, ವಿದ್ಯುತ್ ಇಲಾಖೆಯನ್ನು, ನಮ್ಮನ್ನು.
ನೆಲದ ಸೂಪು ಒರೆಸುತ್ತ ಅಮ್ಮ ಕಿವಿಗೊಟ್ಟು ಕೇಳುತ್ತಾಳೆ.
ಚಳಿಗಾಲವಿಡೀ ಮೇಣದಬತ್ತಿ ಹಚ್ಚಿ
ಬೇಡಿದ್ದು ಇದನ್ನೇ ಅಲ್ಲವೇ,
ಒಂದು ಬೈಗುಳ ಕೇಳಿಸಲಿ ಎಂದು?

ಸಂಜೆ ಮುರ್ಝಾ ಬರುತ್ತಾನೆ. ಮಾತಿಲ್ಲ.
ಜಗಲಿಯಲ್ಲಿ ಕೂತು ಅಕ್ರೋಟು ಒಡೆಯುತ್ತಾನೆ,
ತಿರುಳು ಅಪ್ಪನ ಮುಂದೆ, ಸಿಪ್ಪೆ ತನ್ನ ಜೇಬಿಗೆ.
ಅಪ್ಪ ಇಳಿಜಾರಿನುದ್ದಕ್ಕೂ
ಮನೆ ಮನೆಯಲ್ಲಿ ದೀಪ ಹತ್ತುವುದನ್ನು ಎಣಿಸುತ್ತಾನೆ.
ಒಂದು ಕಡಿಮೆಯಾದರೆ ಏಳಲು ನೋಡುತ್ತಾನೆ.

ಆ ಆರು ಗಜ ಹುಲ್ಲು ಆಗಸ್ಟಿಗೆ ಸೊಂಟದೆತ್ತರ ಬೆಳೆಯಿತು.
ಅವನೇ ಕೊಯ್ಯಲೆಂದು ಅಮ್ಮ ಬಿಟ್ಟಳು.
ನಾವೇ ಕೊಯ್ಯಲೆಂದು ಅವನು ಬಿಟ್ಟ.
ಮೊನ್ನೆ ಪಾದ್ರಿಯ ಹಂದಿ ಮರಿಗಳ ಸಮೇತ ನುಗ್ಗಿ
ಇಡೀ ಪಟ್ಟಿಯನ್ನು ಉತ್ತುಹಾಕಿತು.
ಅಮ್ಮ ಈಚೆ, ಮುರ್ಝಾ ಆಚೆ,
ಕುಡುಗೋಲು ಹಿಡಿದು ನೋಡುತ್ತ ನಿಂತರು.
ಜಗಲಿಯಿಂದ ಏನೋ ಸದ್ದು.
ಅಪ್ಪ ನಗುತ್ತಿದ್ದ,
ಎರಡೂ ಕೈಯಲ್ಲಿ ಪಕ್ಕೆ ಅದುಮಿ ಹಿಡಿದು,
ಅಯ್ಯೋ ನೋಯುತ್ತೆ, ಅಟ್ರೋ ಅದನ್ನ, ಅಟ್ಟಿ, ಎನ್ನುತ್ತ.

ಯಾರೂ ಅಟ್ಟಲಿಲ್ಲ.